ತೊಗರಿಯ ಶುದ್ಧೀಕರಣ

ಸಾವಯವ ಊಟ ಮಾಡುವ ಹೆಂಗಸರಿಗೆ ಕ್ಯಾನ್ಸರ್ ಬರುವುದೇ ಇಲ್ಲವೆಂದು ಮೊಬೈಲಿನಲ್ಲಿ ಓದಿದ ದಿನ, ಬಸವಕಲ್ಯಾಣದ ನಮ್ಮ ಮನೆಗೆ ನಾನೇ ಆರೋಗ್ಯ ಮಂತ್ರಿಯಾದೆ. ಹೆಂಡತಿ ಸುವರ್ಣಾಳ ಎದೆಯಲ್ಲಿ ಸಣ್ಣ ಗಂಟು ಕಾಣಿಸಿಕೊಂಡು ಎಂಟು ದಿನವಾಗಿತ್ತು. ಹುಮನಾಬಾದಿನ ಆಸ್ಪತ್ರೆಗೆ ಹೋಗೋಣವೆಂದು ಅವಳು ಹೇಳುತ್ತಲೇ ಇದ್ದಳು. ಗಂಟು ಅವಳಿಗೆ, ನಡುಕ ನನಗೆ! ಊಟ ಶುದ್ಧವಾದರೆ ಆಸ್ಪತ್ರೆಯ ಮಾತೇ ಏಳುವುದಿಲ್ಲವೆಂದು ತೀರ್ಮಾನಿಸಿದೆ.

ಅವಳು ಮುಡಬಿಯ ತವರಿಗೆ ಹೋದಾಗ ಮಾಳಿಗೆ ಹತ್ತಿದೆ. ಅಲ್ಲಿ ಇಡೀ ವರ್ಷದ ತೊಗರಿ ಕೆಂಪಗೆ ಒಣಗುತ್ತಿತ್ತು. ಬಿತ್ತನೆ ಬೀಜಕ್ಕೆ ಬಣ್ಣದ ವಿಷ ಹಚ್ಚುತ್ತಾರೆಂದು ನನಗೆ ಗೊತ್ತು. ಅಯ್ಯೋ, ಅದನ್ನೇ ನಾವು ತಿನ್ನುವುದೇ! ಅಷ್ಟನ್ನೂ ರಾತ್ರಿಯಿಡೀ ನೆನೆಹಾಕಿ, ಏಳು ನೀರಿನಲ್ಲಿ ತೊಳೆದು, ಗೋಣಿಚೀಲ ಹೊದಿಸಿ ಇಟ್ಟೆ. ಒಂದು ಸಂಸಾರವನ್ನು ಉಳಿಸಿದ ತೃಪ್ತಿಯಿಂದ ಚಹಾ ಕುಡಿದೆ.

ಮೂರನೆಯ ದಿನ ಸುವರ್ಣಾ ಬಂದು ಚೀಲ ಎತ್ತಿದಳು. ತೊಗರಿಗೆಲ್ಲ ಮೊಳಕೆ ಬಂದಿತ್ತು!

"ಏನ್ರಿ ಇದು?"

"ವಿಷ ತೊಳದೀನಿ."

"ಕೆಮ್ಮಣ್ಣರೀ ಅದು! ಬ್ಯಾಳಿ ಒಡೆಸೂಕಿಂತ ಮೊದಲ ಹಚ್ಚಿ ಒಣಗಸ್ತೀವಿ. ನಮ್ಮಣ್ಣ ಬರೇ ಸಗಣಿ ಗೊಬ್ಬರ ಹಾಕಿ ಬೆಳದ ತೊಗರಿ!"

ಮನೆಯಲ್ಲಿದ್ದ ಏಕೈಕ ಸಾವಯವ ಪದಾರ್ಥವನ್ನು ನಾನು ಯಶಸ್ವಿಯಾಗಿ ನಾಶಮಾಡಿದ್ದೆ. ಮೊಳಕೆ ಬಂದ ತೊಗರಿ ಬೇಳೆಗೆ ಆಗದು; ಬೇಯಿಸಿ ಓಣಿಗೆಲ್ಲ ಗುಗ್ಗರಿ ಹಂಚಿದೆವು. ನಾಲ್ಕು ದಿನ ನನಗೆ ಮೂರು ಹೊತ್ತೂ ಅದೇ ಊಟ.

ಐದನೆಯ ದಿನ ಅವಳು ಮೆಲ್ಲಗೆ ಕೇಳಿದಳು. "ತೊಗರಿ ತೊಳಿಯೂದಕ್ಕ ಇಡೀ ದಿನ ಕೊಟ್ರಿ. ನನ್ನ ಸಲುವಾಗಿ ಒಂದಿನ ಹುಮನಾಬಾದಕ್ಕ ಬರೂದಿಲ್ಲೇನ್ರಿ?"

ನನಗೆ ನಾಚಿಕೆಯಾಯಿತು. ಮರುದಿನವೇ ಬಸ್ಸು ಹತ್ತಿದೆವು.

ಡಾಕ್ಟರಮ್ಮನ ಮುಂದೆ ನನ್ನ ಸಾವಯವ ಸಿದ್ಧಾಂತವನ್ನು ಮಂಡಿಸಿದೆ. ಅವರು ನಕ್ಕರು. "ಛಲೋ ಊಟ ಮಾಡ್ರಿ, ಬ್ಯಾಡ ಅನ್ನಂಗಿಲ್ಲ. ಆದ್ರ ಅದರಿಂದ ಕ್ಯಾನ್ಸರ್ ಬರಂಗಿಲ್ಲಂತ ಖಾತ್ರಿ ಯಾರೂ ಕೊಟ್ಟಿಲ್ಲ. ಗಂಟು ಕಂಡ್ರ ಮೊದಲ ಬಂದು ತೋರಸ್ರಿ."

ಸ್ಕ್ಯಾನ್ ಆಯಿತು, ಸೂಜಿ ಹಾಕಿ ಪರೀಕ್ಷೆಯೂ ಆಯಿತು. ವಾರದ ನಂತರ ರಿಪೋರ್ಟಿಗೆ ಹೋದಾಗ ಸುವರ್ಣಾ ನೆಟ್ಟಗೆ ಕುಳಿತಿದ್ದಳು. ಡಾಕ್ಟರಮ್ಮ ಕಾಗದ ಓದಿ, "ಸಾದಾ ಗಂಟು. ಕ್ಯಾನ್ಸರ್ ಅಲ್ಲ," ಎಂದರು.

ಗೆದ್ದೆವು! ಜಯಘೋಷ ಮಾಡಲೆಂದೇ ಎದ್ದು ನಿಂತೆ. ಮುಂದಿನದು ನೆನಪಿಲ್ಲ. ಕಣ್ಣು ಬಿಟ್ಟಾಗ ಹಾಸಿಗೆಯ ಮೇಲಿದ್ದೆ, ಕೈಗೆ ಸಲೈನ್ ಚುಚ್ಚಿತ್ತು. ನರ್ಸಮ್ಮ ಬಾಗಿಲಲ್ಲಿ ನಿಂತು ಕೂಗಿದರು. "ಪೇಷಂಟಿನ ಕಡಿಯವರು ಯಾರ್ರಿ?"

ಸುವರ್ಣಾ ನಗು ತಡೆದುಕೊಂಡು ಕೈ ಎತ್ತಿದಳು. ಪೇಷಂಟು ನಾನು!