ಬಿಟ್ಟಿ ಕನ್ನಡಕ್ಕೆ ಬಂದ ನೋಟಿಸು

ಟಿಕೆಟ್ ಜೇಬಿನಲ್ಲೇ ಇದ್ದರೂ ದೂರದಲ್ಲಿ ಟಿ.ಸಿ.ಯ ಕಪ್ಪು ಕೋಟು ಕಂಡರೆ ಎದೆ ಡವಗುಟ್ಟುವ ಜಾತಿಯ ಮನುಷ್ಯ ನಾನು. ತಪ್ಪು ಮಾಡಿದವರಿಗೆ ಮಾತ್ರ ಭಯವಾಗುತ್ತದೆ ಎಂಬುದು ಶುದ್ಧ ಸುಳ್ಳು. ಏನೂ ಮಾಡದೆ ಹೆದರುವುದರಲ್ಲಿ ನನಗೆ ಬಹಳ ವರ್ಷಗಳ ಅಭ್ಯಾಸವಿದೆ. ಅಂಥವನ ಕೈಗೆ ಒಂದು ಶನಿವಾರ ಮಧ್ಯಾಹ್ನ, ಕಾಂದಿವಲಿಯ ಮನೆಯ ಬಾಗಿಲಲ್ಲಿ, ಪೋಸ್ಟ್‌ಮನ್ ವಕೀಲರ ರಿಜಿಸ್ಟರ್ಡ್ ನೋಟಿಸು ಕೊಟ್ಟು ಹೋದ.

ಅದಕ್ಕೆ ಕಾರಣ ನನ್ನದೇ ಒಂದು ಚಪಲ. ತೊಂಬತ್ತರ ಆಸುಪಾಸು, ದಾದರಿನ ನಮ್ಮ ಆಫೀಸಿಗೆ ಕಂಪ್ಯೂಟರ್ ಬಂದಿತ್ತು. ಅದಕ್ಕೊಂದು ಏ.ಸಿ. ಕೋಣೆ; ಒಳಗೆ ಹೋಗುವವರು ಚಪ್ಪಲಿ ಹೊರಗೆ ಬಿಡಬೇಕು. ನಮ್ಮ ಮ್ಯಾನೇಜರಿಗೂ ಅಷ್ಟು ಮರ್ಯಾದೆ ಇರಲಿಲ್ಲ. ಊಟದ ಬಿಡುವಿನಲ್ಲಿ ಅದರ ಮುಂದೆ ಕೂತು, ಚುಕ್ಕೆಗೆ ಚುಕ್ಕೆ ಸೇರಿಸಿ ಕನ್ನಡ ಅಕ್ಷರ ಮುದ್ರಿಸುವ ಒಂದು ಪ್ರೋಗ್ರಾಂ ಬರೆದೆ. ಮಾಟುಂಗದ ಕನ್ನಡ ಸಂಘದ ಗೆಳೆಯರು ಕೇಳಿದಾಗ ಫ್ಲಾಪಿಯಲ್ಲಿ ನಕಲು ಮಾಡಿ ಬಿಟ್ಟಿಯಾಗಿ ಕೊಟ್ಟೆ. ಯಾರು ಬೇಕಾದರೂ ತಿದ್ದಿಕೊಳ್ಳಲಿ ಎಂದು ಪ್ರೋಗ್ರಾಮಿನ ಮೂಲ ಬರಹವನ್ನೂ ಅದರಲ್ಲೇ ಹಾಕಿದ್ದೆ. ಚೆನ್ನಾಗಿ ತಿದ್ದಿದವರು ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದ ಸುಲೋಚನಾ ಮೇಡಂ. ನಾನು ಬರೆದ ಒತ್ತಕ್ಷರಗಳು ತಮ್ಮ ಅಕ್ಷರವನ್ನು ಬಿಟ್ಟು ಪಕ್ಕದ ಮನೆಗೆ ಹೋಗಿ ಕೂರುತ್ತಿದ್ದವು. ಅವರು ಅವನ್ನು ಹಿಡಿದು ತಂದು ಕೂರಿಸಿದರು. ಸಂಘದ ಹತ್ತಿರ ಹೋಟೆಲಿಟ್ಟಿದ್ದ ವಾಸು ಶೆಟ್ಟರು ತಮ್ಮ ತಿಂಡಿಪಟ್ಟಿಯನ್ನು ಅದರಲ್ಲೇ ಮುದ್ರಿಸಿ, ‘ದೋಸೆ’ಯ ದೀರ್ಘ ಬಿದ್ದುಹೋಗುವುದನ್ನು ಕಂಡುಹಿಡಿದರು. ಹೀಗೆ ಒಬ್ಬೊಬ್ಬರು ಒಂದೊಂದು ಅಕ್ಷರ ರಿಪೇರಿ ಮಾಡಿದ್ದರು.

ನೋಟಿಸು ಕಳಿಸಿದ್ದು ಭಾರತೀಯ ಭಾಷೆಗಳ ಸಾಫ್ಟ್‌ವೇರ್ ಮಾರುವ ಒಂದು ಕಂಪನಿ. ಯಾವ ಕೀಲಿ ಒತ್ತಿದರೆ ಯಾವ ಕನ್ನಡ ಅಕ್ಷರ ಎಂಬ ಜೋಡಣೆ ತಮ್ಮ ಸ್ವತ್ತೆಂದೂ, ನಾನು ಅದನ್ನು ಕದ್ದಿದ್ದೇನೆಂದೂ, ಹದಿನೈದು ದಿನದೊಳಗೆ ಎಲ್ಲ ನಕಲುಗಳನ್ನೂ ಹಿಂದಕ್ಕೆ ಪಡೆದು ಒಪ್ಪಿಸದಿದ್ದರೆ ಕೋರ್ಟಿಗೆ ಎಳೆಯುವುದಾಗಿಯೂ ಬರೆದಿತ್ತು. ಅಲ್ಲಿಯವರೆಗೆ ಹೇಗೋ ಉಸಿರಾಡುತ್ತಿದ್ದೆ. ಕೊನೆಯ ಸಾಲು, ‘ನಿಮ್ಮ ಆಫೀಸಿಗೂ ತಿಳಿಸಲಾಗುವುದು’ ಎಂದಿತ್ತು.

ನನ್ನ ಹೆಂಡತಿ ಪದ್ಮ ಓದಿ ಮುಗಿಸಿ ಕೇಳಿದ್ದು ಒಂದೇ ಪ್ರಶ್ನೆ. “ಆಫೀಸ್ ಮಿಷನ್ನಲ್ಲಿ ಬರೆಯೋಕೆ ಮುಂಚೆ ಯಾರನ್ನಾದ್ರೂ ಕೇಳಿದ್ರಾ?”

ಕೇಳಿರಲಿಲ್ಲ. ಆ ದಿನದ ಕಾಫಿ ಲೋಟದಲ್ಲೇ ಕೆನೆಗಟ್ಟಿತು.

ಮರುದಿನವೇ ಲೋಕಲ್ ಹಿಡಿದು ನಕಲುಗಳನ್ನು ವಾಪಸು ಬೇಡಲು ಹೊರಟೆ. ಕೊಡುವಾಗ ಕರ್ಣನಂತೆ ಕೊಟ್ಟವನು, ಈಗ ಮನೆಮನೆಗೂ ಹೋಗಿ ಕೈಯೊಡ್ಡುವುದು. ಒಬ್ಬರು ಪುಣೆಯ ಭಾವನಿಗೆ ಕೊಟ್ಟಿದ್ದರು. ಇನ್ನೊಬ್ಬರಿಗೆ ತಮ್ಮಿಂದ ಒಯ್ದವರ ಹೆಸರೇ ನೆನಪಿರಲಿಲ್ಲ. ಶೆಟ್ಟರು ಗಲ್ಲಾದ ಹಿಂದಿನಿಂದ ಸಮಾಧಾನವಾಗಿ ನೋಡಿದರು. “ನೀವು ಕೊಟ್ಟದ್ದು ಒಂದು ಹೌದು ಮಾರಾಯ್ರೆ. ಅದರಿಂದ ಎಂಟು ಆಯ್ತು. ಮಂಗಳೂರಿಗೆ ಹೋದದ್ದನ್ನು ನಾನು ಎಲ್ಲಿಂದ ತರುವುದು?” ಹಾಗಾದರೆ ನಿಮ್ಮದನ್ನಾದರೂ ಕೊಡಿ ಎಂದೆ. ಅವರು ಫ್ಲಾಪಿಯನ್ನು ಡ್ರಾಯರಿನೊಳಗಿಟ್ಟು ಬೀಗ ಹಾಕಿ, ನನಗೆ ಒಂದು ಇಡ್ಲಿ ವಡೆ ತರಿಸಿದರು.

ಆಮೇಲಿನ ದಿನಗಳು ಹೇಗೆ ಕಳೆದವೋ. ಆಫೀಸಿನಲ್ಲಿ ಫೋನ್ ಬಡಿದುಕೊಂಡರೆ ನಾನು ಎದ್ದು ನಿಲ್ಲುತ್ತಿದ್ದೆ. ಒಂದು ಸಂಜೆ ಮ್ಯಾನೇಜರ್ ಕರೆಸಿದರು. ರಾಜೀನಾಮೆಯ ಮೊದಲ ವಾಕ್ಯ ಮನಸ್ಸಿನಲ್ಲೇ ಬರೆದುಕೊಂಡು ಹೋದೆ. ಅವರಿಗೆ ಬೇಕಾಗಿದ್ದುದು ಕಳೆದ ವರ್ಷದ ಒಂದು ಫೈಲು. ಅದನ್ನು ಹುಡುಕಿ ಕೊಟ್ಟು ನಾನು ಅವರ ಮೇಜಿನ ಮೇಲಿದ್ದ ನೀರನ್ನೆಲ್ಲ ಕುಡಿದದ್ದನ್ನು ಕಂಡು ಅವರೇ ಸಕ್ಕರೆ ಕಾಯಿಲೆ ಪರೀಕ್ಷೆ ಮಾಡಿಸಿಕೊಳ್ಳಲು ಹೇಳಿದರು.

ಮುಂದಿನ ಭಾನುವಾರ ಸಂಘದಲ್ಲಿ ಎಲ್ಲರೂ ಸೇರಿದರು. ಸುಲೋಚನಾ ಮೇಡಂ ನೋಟಿಸನ್ನು ಎರಡು ಸಲ ಓದಿ, ಎದ್ದು ಹೋಗಿ, ಮೂಲೆಯಲ್ಲಿದ್ದ ಸಂಘದ ಹಳೆಯ ಕನ್ನಡ ಟೈಪ್‌ರೈಟರಿನ ಮುಸುಕು ತೆಗೆದರು.

“ರಾಯರೇ, ನೀವು ಕೀಲಿಗಳ ಜೋಡಣೆ ಎಲ್ಲಿಂದ ತಗೊಂಡ್ರಿ?”

ಇದರಿಂದಲೇ ಎಂದೆ.

“ಅವರೂ ಇದರಿಂದಲೇ ತಗೊಂಡಿದಾರೆ. ಈ ಮಿಷನ್ ಅವರ ಕಂಪನಿಗಿಂತ ಹಳೇದು.”

ಅಲ್ಲೇ ಉತ್ತರ ಸಿದ್ಧವಾಯಿತು. ಈ ಪ್ರೋಗ್ರಾಂ ಒಬ್ಬರದಲ್ಲ, ಕೆಳಗೆ ಸಹಿ ಹಾಕಿದ ನಾವೆಲ್ಲ ಸೇರಿ ಬರೆದದ್ದು. ಕೋರ್ಟಿಗೆ ಎಳೆಯುವುದಾದರೆ ಎಲ್ಲರನ್ನೂ ಎಳೆಯಿರಿ. ಅದಕ್ಕೆ ಮುಂಚೆ ಒಮ್ಮೆ ಬಂದು ಟೈಪ್‌ರೈಟರ್ ನೋಡಿ ಹೋಗಿ. ಒಂದು ಅಕ್ಷರ ತಿದ್ದಿದವರೂ ಸಹಿ ಹಾಕಿದರು. ಕಾಗದ ನನ್ನ ಮುಂದೆ ಬಂತು. ನಾನು ಅದನ್ನು ಪಕ್ಕಕ್ಕೆ ಸರಿಸಿ, ನೌಕರಿಯ ಪ್ರಶ್ನೆ, ನನ್ನ ಸಹಿ ಬೇಡ, ಪ್ರೋಗ್ರಾಮಿನ ಮೊದಲಲ್ಲಿರುವ ನನ್ನ ಹೆಸರನ್ನೂ ತೆಗೆದುಬಿಡಿ ಎಂದೆ. ಯಾರಾದರೂ ಬೈದಿದ್ದರೆ ವಾಸಿಯಿತ್ತು. ಮೇಡಂ “ಆಗಲಿ” ಎಂದಷ್ಟೇ ಹೇಳಿ ಕಾಗದ ಮಡಚಿದರು.

ಗಡುವಿಗೆ ಒಂದು ದಿನ ಮುಂಚೆ ವಕೀಲರೂ ಕಂಪನಿಯ ಒಬ್ಬ ಅಧಿಕಾರಿಯೂ ಸಂಘಕ್ಕೆ ಬಂದೇ ಬಿಟ್ಟರು. ಅಧಿಕಾರಿ ಟೈಪ್‌ರೈಟರಿನ ಮುಂದೆ ಕೂತು ತಮ್ಮ ಪಟ್ಟಿ ಹಿಡಿದು ಒಂದೊಂದೇ ಕೀಲಿ ಒತ್ತತೊಡಗಿದರು. ಪ್ರತಿ ಸಲವೂ ಅವರ ಪಟ್ಟಿಯಲ್ಲಿದ್ದ ಅಕ್ಷರವೇ ಕಾಗದದ ಮೇಲೆ ಬಿತ್ತು. ವಕೀಲರು ಸುತ್ತ ನೋಡಿ, ಇದರ ನಿಜವಾದ ಒಡೆಯ ಯಾರೆಂದು ಹಿಂದಿಯಲ್ಲಿ ಕೇಳಿದರು. “ಇಸ್ಕಾ ಅಸ್ಲೀ ಮಾಲಿಕ್ ಕೌನ್ ಹೈ?”

ನಾನು ಗೋಡೆಯ ಕ್ಯಾಲೆಂಡರಿನಲ್ಲಿ ಏಕಾದಶಿ ಹುಡುಕತೊಡಗಿದೆ. ಒಡೆಯ ಯಾರೂ ಇಲ್ಲ, ಬರೆದವರು ನಾವೆಲ್ಲ ಎನ್ನುತ್ತ ಶೆಟ್ಟರು ಮುಂದೆ ಬಂದರು. “ಮಾಲಿಕ್ ಕೋಯೀ ನಹೀ, ಸಾಬ್. ಲಿಖ್ನೇವಾಲೇ ಹಮ್ ಸಬ್ ಹೈ.” ದೋಸೆಯ ದೀರ್ಘ ಹುಡುಕಿದ ಮನುಷ್ಯ ಎದೆ ಕೊಟ್ಟು ನಿಂತಿದ್ದರು. ವಕೀಲರು ನನ್ನತ್ತ ತಿರುಗಿ, “ಔರ್ ಆಪ್?” ಎಂದರು.

“ಮೆಂಬರ್,” ಎಂದೆ.

ಅವರು ಚಹಾ ಕುಡಿಯದೆ ಎದ್ದು ಹೋದರು. ಆಮೇಲೆ ಬಂದ ಕಾಗದದಲ್ಲಿ ಎರಡೇ ಸಾಲು: ಸದ್ಯಕ್ಕೆ ಈ ವಿಷಯವನ್ನು ಮುಂದುವರಿಸುವ ಇರಾದೆ ತಮ್ಮ ಕಕ್ಷಿದಾರರಿಗಿಲ್ಲ. ನಮ್ಮ ಆಫೀಸಿಗೆ ಯಾರೂ ಏನೂ ಬರೆಯಲಿಲ್ಲ.

ತಿಂಗಳೊಳಗೆ ಪ್ರೋಗ್ರಾಮಿನ ಹೊಸ ಆವೃತ್ತಿ ಹೊರಬಂತು. ತೆರೆದ ಕೂಡಲೇ ಬರೆದವರ ಹೆಸರುಗಳು, ಶೆಟ್ಟರದು ಮೂರನೆಯದು. ನನ್ನದು ಎಲ್ಲೂ ಇಲ್ಲ. ಮೇಡಂ ಬಳಿ ಹೋಗಿ, ಈಗ ಅಪಾಯವೇನೂ ಇಲ್ಲವಲ್ಲ ಎಂದು ಮಾತು ತೆಗೆದೆ. ಅವರು ನಕ್ಕರು. “ನೀವೇ ಸೇರಿಸ್ಕೊಳ್ಳಿ ರಾಯರೇ. ಮೂಲ ಅದರಲ್ಲೇ ಇದೆ. ಯಾರು ಬೇಕಾದ್ರೂ ತಿದ್ದಬಹುದು ಅಂತ ನೀವೇ ಹೇಳಿದ್ದು.”

ಸೇರಿಸಿಕೊಂಡೆ. ಎಲ್ಲರಿಗಿಂತ ಮೇಲೆ, ದೊಡ್ಡ ಅಕ್ಷರದಲ್ಲಿ. ಆದರೆ ಮಂಗಳೂರಿನಿಂದ ಪುಣೆಯವರೆಗೆ ಹರಡಿದ್ದೆಲ್ಲ ಮೇಡಂ ಕೊಟ್ಟ ಪ್ರತಿ. ನನ್ನ ಹೆಸರಿರುವ ಒಂದೇ ಒಂದು ಫ್ಲಾಪಿ ನಮ್ಮ ಮನೆಯ ಕಪಾಟಿನಲ್ಲಿದೆ. ಬಿಟ್ಟಿಯಾಗಿ ಕೊಡುತ್ತೇನೆಂದರೂ ಇದುವರೆಗೆ ಯಾರೂ ಕೇಳಿಲ್ಲ.