ಅತ್ತೆಯ ಮುಚ್ಚಳ ವಸೂಲಿ

ನನ್ನ ಸೋದರತ್ತೆಯ ಎದುರು ಬಾಟಲಿ ನೀರು ಕುಡಿಯುವುದಕ್ಕಿಂತ ಬೀಡಿ ಸೇದುವುದು ಸುಲಭ. ಬೀಡಿಗಾದರೆ ನಾಲ್ಕು ಮಾತು ಬೈದು ಒಳಗೆ ಹೋಗುತ್ತಾಳೆ. ಬಾಟಲಿಯಾದರೋ, ಕೊನೆಯ ಗುಟುಕು ಇಳಿಯುವವರೆಗೂ ನಮ್ಮ ಗಂಟಲನ್ನೇ ನೋಡುತ್ತ ನಿಂತಿರುತ್ತಾಳೆ. ಅವಳಿಗೆ ಬೇಕಾದದ್ದು ನೀರಲ್ಲ, ಅದರ ಮುಚ್ಚಳ!

ಗುಡ್ನಾಪುರದ ಹತ್ತಿರ ನಡೆಸುತ್ತಿದ್ದ ಕಿರಾಣಿ ಅಂಗಡಿ ಮುಚ್ಚಿ ಅತ್ತೆ ಶಿರಸಿಗೆ ಬಂದಳು, ನಮ್ಮ ಪಕ್ಕದ ಓಣಿಯಲ್ಲೇ ಮನೆ ಮಾಡಿದಳು. ಬಂದ ಹೊಸತರಲ್ಲಿ ಅವಳ ಕಿವಿಯೋಲೆಯೊಂದು ಕಸದ ಜೊತೆ ಹೋಗಿಬಿಟ್ಟಿತು. ಅತ್ತೆ ಬಿಡುವವಳೇ? ಕಸದ ಗಾಡಿಯ ಬೆನ್ನು ಹತ್ತಿ ಒಣಕಸ ವಿಂಗಡಿಸುವ ಶೆಡ್ಡಿಗೇ ಹೋದಳು. ಅಲ್ಲಿ ಹೆಂಗಸರು ಸಾಲಾಗಿ ಕೂತು ಬಾಟಲಿಗಳ ಮುಚ್ಚಳಗಳನ್ನು ಒಂದೊಂದಾಗಿ ತಿರುವಿ ತೆಗೆಯುತ್ತಿದ್ದರಂತೆ. ಅವರ ಬೆರಳ ತುದಿಗಳು ಒಡೆದಿದ್ದವಂತೆ. ಅತ್ತೆಯೂ ಸಂಜೆಯವರೆಗೆ ಅವರ ಜೊತೆ ಕೂತು ತೆಗೆದಳು. ಓಲೆ ಸಿಗಲಿಲ್ಲ, ಈ ಹುಚ್ಚು ಸಿಕ್ಕಿತು.

ಬಾಟಲಿಯೂ ಪ್ಲಾಸ್ಟಿಕ್, ಮುಚ್ಚಳವೂ ಪ್ಲಾಸ್ಟಿಕ್, ಒಟ್ಟಿಗೇ ಶೆಡ್ಡಿಗೆ ಕೊಟ್ಟರೇನು ಎಂದು ನಾನೊಮ್ಮೆ ಕೇಳಿ ಕೆಟ್ಟೆ. ನಾನು ಹೈಸ್ಕೂಲಿನ ಕನ್ನಡ ಮೇಷ್ಟ್ರು. ಅತ್ತೆಗೆ ಅದರ ಲೆಕ್ಕವೇ ಇಲ್ಲ. ಬಚ್ಚಲಿಗೆ ಕರೆದೊಯ್ದು, ಬಕೆಟ್ ನೀರಿಗೆ ಬಾಟಲಿಯ ಒಂದು ಚೂರನ್ನೂ ಒಂದು ಮುಚ್ಚಳವನ್ನೂ ಹಾಕಿದಳು. ಚೂರು ಮುಳುಗಿತು, ಮುಚ್ಚಳ ತೇಲಿತು. ಎರಡರ ಗುಣ ಬೇರೆ, ಕೂಡಿಸಿ ಕರಗಿಸಿದರೆ ಎರಡೂ ಕೆಡುತ್ತವೆ ಎಂದು ಪಾಠ ಹೇಳಿ, ಬಕೆಟ್ಟನ್ನು ನನ್ನ ಕೈಯಿಂದಲೇ ತೊಳೆಸಿದಳು.

ಒಮ್ಮೆ ಅವಳ ಜೊತೆ ಯಲ್ಲಾಪುರದ ಬಸ್ಸಿನಲ್ಲಿ ಹೊರಟಿದ್ದೆ. ಪಕ್ಕದ ಸೀಟಿನವನು ಅರ್ಧ ಬಾಟಲಿ ನೀರು ಕುಡಿದು, ಉಳಿದದ್ದನ್ನು ತೊಡೆಯ ಮೇಲಿಟ್ಟುಕೊಂಡ. ಅತ್ತೆ ಅದನ್ನೇ ನೋಡಿದಳು. ಪಾಪ, ಮುದುಕಿಗೆ ಬಾಯಾರಿದೆ ಎಂದುಕೊಂಡು ಅವನು ಬಾಟಲಿಯನ್ನೇ ಕೊಟ್ಟ. ಅತ್ತೆ ಮುಚ್ಚಳವನ್ನು ಚೀಲಕ್ಕೆ ಹಾಕಿಕೊಂಡು, ನೀರಿದ್ದ ಬಾಟಲಿಯನ್ನು ಅವನಿಗೇ ಹಿಂತಿರುಗಿಸಿದಳು! ಆ ರಸ್ತೆಯ ತಿರುವುಗಳು ನಿಮಗೆ ಗೊತ್ತಲ್ಲ? ಎರಡನೆಯ ತಿರುವಿಗೇ ಅವನ ಅಂಗಿ ತೊಯ್ದಿತು. ಅತ್ತೆ ತನ್ನ ಟವೆಲ್ಲು ಕೊಟ್ಟು, "ಕುಡದು ಮುಗಿಸಬೇಕಿತ್ತಪಾ, ಯಾಕ ಇಟ್ಕೊಂಡಿ?" ಎಂದು ಕೇಳಿದಳು. ನಾನು ಕಿಟಕಿಯಿಂದಾಚೆ ಕಾಡು ನೋಡುತ್ತಿದ್ದೆ. ಅಷ್ಟು ಗಮನವಿಟ್ಟು ಕಾಡನ್ನು ನಾನೆಂದೂ ನೋಡಿದವನಲ್ಲ.

ಸಿದ್ದಾಪುರದ ಮದುವೆಯೊಂದರಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಊಟದ ಪಂಕ್ತಿಯಲ್ಲಿ ಎಲೆಗೊಂದು ನೀರಿನ ಬಾಟಲಿ. ಬಡಿಸುವವರ ಬೆನ್ನಿಗೇ ಅತ್ತೆ ಚೀಲ ಹಿಡಿದು ಹೊರಟಳು. ಇಷ್ಟು ಮುಚ್ಚಳಕ್ಕೆ ಏನೋ ಬಹುಮಾನ ಇದೆಯಂತೆ ಎಂದು ಯಾರೋ ಪಿಸುಗುಟ್ಟಿದರು. ತಗೊಳ್ಳಿ, ಪಾಯಸ ಬರುವ ಹೊತ್ತಿಗೆ ಮುಚ್ಚಳಗಳೆಲ್ಲ ಮಾಯ! ರೇಷ್ಮೆ ಸೀರೆಯ ಹೆಂಗಸೊಬ್ಬಳು ಸೆರಗಿನ ತುಂಬ ಕಟ್ಟಿಕೊಂಡು ಹೋಗಿದ್ದಳು. ವಾರದ ನಂತರ ಅವಳೇ ನಂಬರು ಹುಡುಕಿ ಫೋನು ಮಾಡಿ, ಬಹುಮಾನ ಎಲ್ಲಿ ಕೊಡುತ್ತಾರೆ ಎಂದು ಕೇಳಿದಳು. ತೊಳೆದು ಒಣಗಿಸಿ ನಮ್ಮ ಮನೆಗೇ ತನ್ನಿ ಎಂದಳು ಅತ್ತೆ. ಆಕೆ ನಿಜವಾಗಿಯೂ ಬಂದಳು. ಬಹುಮಾನವಾಗಿ ಒಗ್ಗರಣೆ ಅವಲಕ್ಕಿ, ಚಹಾ ಸಿಕ್ಕಿತು. ಈಗ ಅವರಿಬ್ಬರೂ ಗೆಳತಿಯರು.

ಹೀಗೆ ನಗುತ್ತಲೇ ಇದ್ದ ನನಗೆ ಕಳೆದ ವರ್ಷ ಸಣ್ಣದೊಂದು ಸ್ಟ್ರೋಕ್ ಆಯಿತು. ಜೀವ ಉಳಿಯಿತು, ಬಲಗೈಯ ಬೆರಳುಗಳು ಮಾತು ಕೇಳುವುದನ್ನು ಬಿಟ್ಟವು. ಚಾಕ್‌ಪೀಸು ಹಿಡಿಯಲಾಗದ ಮೇಷ್ಟ್ರು ಯಾವ ಮೇಷ್ಟ್ರು? ಬೆರಳುಗಳ ವ್ಯಾಯಾಮಕ್ಕೆಂದು ಡಾಕ್ಟರು ಹಿಸುಕಲು ಕೊಟ್ಟ ರಬ್ಬರ್ ಚೆಂಡನ್ನು ಮಂಚದ ಕೆಳಗೆ ಎಸೆದೆ. ಹೆಂಡತಿ ಗೋಗರೆದಳು, ಅತ್ತಳು. ನಾನು ಗೋಡೆಯ ಕಡೆ ತಿರುಗಿ ಮಲಗಿದೆ.

ಆಗ ಅತ್ತೆ ಒಂದು ಗೋಣಿಚೀಲ ಬಾಟಲಿ ತಂದು ನನ್ನ ಮಂಚದ ಹತ್ತಿರ ಸುರುವಿದಳು. ಹೇಗಿದ್ದೀಯ ಎಂದೂ ಕೇಳಲಿಲ್ಲ.

"ತಮ್ಮಾ, ನನ್ನ ಕೈ ಸೋತಾವು. ಇವಷ್ಟರ ಮುಚ್ಚಳ ತಿರುವಿ ಕೊಡು."

ರೋಗಿಯನ್ನೂ ಬಿಡುವುದಿಲ್ಲವಲ್ಲ ಎಂದು ಮೈ ಉರಿಯಿತು. ಆದರೂ, ಕೈ ಸೋತಿದೆ ಅಂದವಳಿಗೆ ಇಲ್ಲವೆನ್ನುವುದು ಹೇಗೆ? ಮೊದಲ ದಿನ ಒಂದೂ ಬರಲಿಲ್ಲ. ಮೂರನೆಯ ದಿನ ಒಂದು ಬಂತು. ಅತ್ತೆ ದಿನವೂ ತೆಗೆದವನ್ನು ಒಯ್ದು, ಮರುದಿನ ಮತ್ತೊಂದು ಚೀಲ ತಂದಳು. ತಿಂಗಳೊಪ್ಪತ್ತಿನಲ್ಲಿ ದಿನಕ್ಕೆ ಇಪ್ಪತ್ತರವರೆಗೆ ತೆಗೆಯತೊಡಗಿದೆ. ಊರಿನಲ್ಲಿ ಇಷ್ಟೊಂದು ನೀರು ಕುಡಿಯುವವರು ಯಾರು ಎಂದು ಮಾತ್ರ ಅರ್ಥವಾಗಿರಲಿಲ್ಲ.

ಒಂದು ಮಧ್ಯಾಹ್ನ, ನಡೆದು ಅಭ್ಯಾಸವಾಗಲಿ ಎಂದು, ಹೇಳದೇ ಅವಳ ಮನೆಗೆ ಹೋದೆ. ಅತ್ತೆ ಹಿತ್ತಿಲ ಮೆಟ್ಟಿಲ ಮೇಲೆ ಕೂತಿದ್ದಳು. ನಾನು ಹಿಂದಿನ ದಿನ ತೆಗೆದಿದ್ದ ಮುಚ್ಚಳಗಳನ್ನು ಅದೇ ಬಾಟಲಿಗಳಿಗೆ ಒಂದೊಂದಾಗಿ ತಿರುಗಿ ಹಾಕುತ್ತಿದ್ದಳು. ಹಾಕಿ, ಬಿಗಿ ನೋಡಿ, ಸ್ವಲ್ಪ ಸಡಿಲಿಸಿ ಚೀಲಕ್ಕೆ ಇಡುತ್ತಿದ್ದಳು. ಮುಚ್ಚಳವಿರುವ ಖಾಲಿ ಬಾಟಲಿಯನ್ನು ಒಂದು ಗಳಿಗೆಯೂ ಸಹಿಸದ ನಮ್ಮ ಅತ್ತೆ!

ನನ್ನನ್ನು ಕಂಡು ಅವಳು ಗಾಬರಿಯಾಗಲಿಲ್ಲ. ಪಕ್ಕದಲ್ಲಿ ಜಾಗ ಮಾಡಿ, ಕೈಯಲ್ಲಿದ್ದದ್ದನ್ನು ನನ್ನ ಕಡೆ ಚಾಚಿದಳು.

"ನಿನ್ನಿಗಿಂತ ಒಂಚೂರು ಬಿಗಿ ಹಾಕೇನಿ. ತೆಗಿ ನೋಡೂಣು."

ಕಣ್ಣು ಮಂಜಾಗಿ ನನಗೆ ಮುಚ್ಚಳ ಕಾಣಲಿಲ್ಲ. ಬೆರಳುಗಳೇ ಅದನ್ನು ಹುಡುಕಿಕೊಂಡು, ಹಿಡಿದು, ತಿರುವಿದವು.