ನಾಲ್ಕು ಸೀದಾ, ನಾಲ್ಕು ಉಲ್ಟಾ

ಗಣಿತದ ಮೇಷ್ಟ್ರು ಸ್ವೆಟರ್ ಹೆಣೆಯಲು ಕೂತದ್ದು ಉಲ್ಲನ್ ಮೇಲಿನ ಪ್ರೀತಿಯಿಂದಲ್ಲ, ಹೆಂಡತಿಯ ಅಕ್ಕನ ಮೇಲಿನ ಸಿಟ್ಟಿನಿಂದ. ಅಕ್ಕನಿಗೆ ಮೊಮ್ಮಗು ಹುಟ್ಟಿತ್ತು. ಸ್ವೆಟರ್ ನಾನೇ ಹೆಣೆದುಕೊಡುತ್ತೇನೆ ಎಂದು ಮಾತು ಕೊಟ್ಟಿದ್ದ ಹೆಂಡತಿ, ಒರೆಸಿದ ನೆಲದ ಮೇಲೆ ಜಾರಿ ಬಲಗೈ ಮುರಿದುಕೊಂಡಳು. ಅಕ್ಕ ಫೋನಿನಲ್ಲಿ ಮೊದಲು ಕೈಯ ವಿಚಾರ ಕೇಳಿದಳು. ಆಮೇಲೆ, "ಹೋಗ್ಲಿ ಬಿಡೇ, ಅಂಗಡೀದೇ ತಗೋತೀವಿ. ನೀನು ಹಿಡಿದ ಕೆಲಸ ಯಾವತ್ತು ಮುಗಿದಿದೆ?" ಎಂದಳು.

ಹೆಂಡತಿಯ ಕಣ್ಣು ತುಂಬಿತು. ಮೇಷ್ಟ್ರು ಕನ್ನಡಕ ಸರಿಮಾಡಿಕೊಂಡು, ಭಾನುವಾರ ಅಕ್ಕ ಮನೆಗೆ ಬರುವಷ್ಟರಲ್ಲಿ ಸ್ವೆಟರ್ ಸಿದ್ಧವಾಗಿರುತ್ತದೆ, ಹೆಣೆಯುವವನು ನಾನು ಎಂದು ಘೋಷಿಸಿದರು.

ಹಳೆಯ ಉಲ್ಲನ್ನಿನ ಮೇಲೆ ಸೀದಾ ಕುಣಿಕೆ, ಉಲ್ಟಾ ಕುಣಿಕೆ ಎರಡನ್ನೂ ಬೇಗ ಕಲಿತರು. (ಕಡ್ಡಿ ಮೂಗಿಗೆ ಚುಚ್ಚಿದ್ದನ್ನು ಲೆಕ್ಕಕ್ಕೆ ಹಿಡಿಯಬಾರದು.) ಮಗುವಿನ ಅಳತೆಗೆ ಸಾಲಿಗೆ ಎಷ್ಟು ಕುಣಿಕೆ ಎಂದು ಹೆಂಡತಿಯನ್ನು ಕೇಳಿದರು.

"ನಾಲ್ಕು ಸೀದಾ, ನಾಲ್ಕು ಉಲ್ಟಾ, ಹತ್ತು ಸಲ. ಇನ್ನೊಂದು ವಿಷಯ ಏನಂದ್ರೆ..."

ಇನ್ನೊಂದು ವಿಷಯ ಕೇಳಲು ಮೇಷ್ಟ್ರು ಅಲ್ಲಿರಲಿಲ್ಲ. ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಿದ್ದರು. ಗುಣಾಕಾರ ಮೊದಲು, ಕೂಡುವುದು ಆಮೇಲೆ: ಈ ನಿಯಮವನ್ನು ಎಷ್ಟೋ ತಲೆಮಾರಿನ ಮಕ್ಕಳ ತಲೆಗೆ ತುಂಬಿದವರು ಅವರು. ನಾಲ್ಕು ಹತ್ತಲೆ ನಲವತ್ತು, ಅದಕ್ಕೆ ಮೊದಲಿನ ನಾಲ್ಕು. ಅಂದರೆ ಸಾಲಿಗೆ ನಾಲ್ಕು ಸೀದಾ, ನಲವತ್ತು ಉಲ್ಟಾ. ಸಂಶಯಕ್ಕೆ ಎಡೆಯೇ ಇಲ್ಲ.

ಶಾಲೆಯ ಬಿಡುವಿನಲ್ಲೂ ಹೆಣೆದರು. ಸಹೋದ್ಯೋಗಿಗಳ ನಗೆಯನ್ನು ದಶಮಾಂಶದ ಕೊನೆಯ ಅಂಕಿಗಳಂತೆ ಕೈಬಿಟ್ಟರು. ಹೆಣಿಗೆ ಚಾಪೆಯ ಹಾಗೆ ತಾನೇ ಸುರುಳಿ ಸುತ್ತಿಕೊಳ್ಳತೊಡಗಿದಾಗ, ಮಗು ತೊಟ್ಟ ಮೇಲೆ ಬಿಡಿಸಿಕೊಳ್ಳುತ್ತದೆ ಎಂದುಕೊಂಡರು. ಒಮ್ಮೆ ತೋರಿಸಿ ಎಂದು ಹೆಂಡತಿ ಬಾಗಿಲು ತಟ್ಟಿದರೆ, ಲೆಕ್ಕ ಮುಗಿಯುವ ಮೊದಲು ಯಾರೂ ಉತ್ತರಪತ್ರಿಕೆ ನೋಡುವ ಹಾಗಿಲ್ಲ ಎಂದು ಒಳಗಿನಿಂದಲೇ ಗದರಿದರು.

ಭಾನುವಾರ ಬೆಳಿಗ್ಗೆ, ಹಿಂದುಮುಂದಿನ ಭಾಗಗಳನ್ನು ಬದಿಯಲ್ಲಿ ಜೋಡಿಸಿ ಹೊಲಿದು, ತೋಳು ಕತ್ತು ಮಾತ್ರ ಬಾಕಿ ಎಂದು ತಂದು ಹೆಂಡತಿಯ ಮಡಿಲಲ್ಲಿಟ್ಟರು. ಅವಳು ಅದನ್ನು ಎಡಗೈಯಲ್ಲಿ ಎತ್ತಿ ನೋಡಿದಳು.

"ಇದ್ರೊಳಗೆ ಹೋಗ್ಬೇಕಾಗಿರೋದು ಮಗೂನಾ, ಸೌತೆಕಾಯೀನಾ?"

"ನೀನು ಹೇಳಿದ ಲೆಕ್ಕಾನೇ ಕಣೇ."

"ನಾಲ್ಕೂ ನಾಲ್ಕೂ ಸೇರಿಸಿ ಹತ್ತು ಸಲ ರೀ. ಎಂಬತ್ತು ಕುಣಿಕೆ."

"ಹಾಗಿದ್ರೆ ಆವರಣ ಹಾಕ್ಬೇಕಿತ್ತು."

"ಬಾಯಲ್ಲಿ ಹೇಳೋವಾಗ ಆವರಣ ಎಲ್ಲಿ ಹಾಕ್ಲಿ? ಹಲ್ಲಿಗಾ?"

ಮೇಷ್ಟ್ರು ಸೋಲೊಪ್ಪುವ ಜಾತಿಯವರಲ್ಲ. ಎಲ್ಲವನ್ನೂ ಬಿಚ್ಚಿ ಮತ್ತೆ ಹೆಣೆಯುತ್ತೇನೆ, ಅಕ್ಕನನ್ನು ಸಂಜೆಯವರೆಗೆ ಮಾತಿನಲ್ಲಿ ಕೂರಿಸಿಕೋ ಎಂದು ದಾರದ ತುದಿ ಹುಡುಕತೊಡಗಿದರು. ತುದಿ ಸಿಗುವ ಮೊದಲೇ ಕರೆಗಂಟೆ ಬಾರಿಸಿತು.

ಅಕ್ಕ ಕುಂಟುತ್ತಾ ಬಂದು ಸೋಫಾದಲ್ಲಿ ಕುಸಿದಳು. ಮೆಟ್ಟಿಲಿಗೂ ಮಂಡಿಗೂ ಸಮನಾಗಿ ಶಾಪ ಹಾಕಿದಳು. ಸ್ವೆಟರ್ ಎಲ್ಲಿ ಎಂದು ಕೇಳಲು ಬಾಯಿ ತೆರೆದವಳ ಕಣ್ಣಿಗೆ ಆ ಉಲ್ಲನ್ ಕೊಳವೆ ಬಿತ್ತು. ಎತ್ತಿಕೊಂಡಳು, ತಿರುಗಿಸಿದಳು, ಪಾದಕ್ಕೆ ತೂರಿಸಿ ಮಂಡಿಯವರೆಗೆ ಎಳೆದುಕೊಂಡಳು. ಅಳತೆ ತೆಗೆದು ಮಾಡಿದ ಹಾಗೆ ಕೂತಿತು. ಅವಳ ದನಿಯೇ ಬದಲಾಯಿತು.

"ಕೈ ಮುರಿದ್ರೂ ನನ್ನ ಮಂಡಿ ಯೋಚನೆ ಮಾಡಿದ್ಯಲ್ಲೇ. ನಾನು ಸುಮ್‌ಸುಮ್ನೆ ಏನೇನೋ ಅಂದ್ಬಿಟ್ಟೆ."

ಹೆಂಡತಿ ಗಂಡನ ಕಡೆ ನೋಡದೆ, "ಎಲ್ಲಾ ಇವ್ರೇ ಹೆಣೆದಿದ್ದು, ಅಕ್ಕಾ," ಎಂದಳು.

ಮೇಷ್ಟ್ರು ಎದೆ ಉಬ್ಬಿಸಿ ನಿಂತರು. ಅಕ್ಕ ಮೆಚ್ಚುಗೆಯಿಂದ ತಲೆಯಾಡಿಸಿ ಇನ್ನೊಂದು ಕಾಲನ್ನು ಮುಂದೆ ಚಾಚಿದಳು. ಇದರ ಜೋಡಿಯನ್ನೂ ಮಗುವಿನ ಸ್ವೆಟರನ್ನೂ ಒಟ್ಟಿಗೇ ಒಯ್ಯುತ್ತೇನೆ, ಅಲ್ಲಿಯವರೆಗೆ ಇಲ್ಲೇ ಇರುತ್ತೇನೆ ಎಂದಳು.

ಆ ರಜೆಯ ಮಧ್ಯಾಹ್ನ ಮೇಷ್ಟ್ರು ಮತ್ತೆ ಕಡ್ಡಿ ಹಿಡಿದರು. ಎಂಬತ್ತು ಕುಣಿಕೆ ಹಾಕಿಕೊಳ್ಳಲು ಹೊರಟವರನ್ನು ಹೆಂಡತಿ ತಡೆದಳು.

"ಮೊದಲು ಅಕ್ಕಂದು. ಅದಕ್ಕೆ ನಿಮ್ಮ ಲೆಕ್ಕಾನೇ ಸರಿ ರೀ. ಒಂದು ಕುಣಿಕೆ ಹೆಚ್ಚುಕಮ್ಮಿ ಆಗ್ಬಾರ್ದು."